ಗೊರಕೆ ಮಾವನ ಹೆಂಡತಿ

ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಹಾಗಂತ ಅವಳಿಗೆ ಅಲ್ಲಿ ಅಳಿಯನೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಅವಳೂ ಅವಳ ಗಂಡನೂ ಸೇರಿ ಮಾಡಿದ್ದ ವಿಡಿಯೋ ಗೇಮಿನ ಹೆಸರು ‘ಗೊರಕೆ ಮಾವ’. ಮಾವನ ಹೆಂಡತಿ ಅತ್ತೆಯಲ್ಲದೆ ಇನ್ನೇನಾದಾಳು? ಮೊದಲ ದಿನ ಟೀ ತಂದಿಟ್ಟವರು ಯಾರೋ ಹಾಗೆ ಕರೆದರು, ಅದೇ ನಿಂತುಬಿಟ್ಟಿತು. ಅವಳಿಗೂ ಬೇಸರವಾಗಲಿಲ್ಲ. ತಂಗಿಯೊಬ್ಬಳನ್ನು ಬಿಟ್ಟರೆ ಅವಳನ್ನು ಸಂಬಂಧ ಹಚ್ಚಿ ಕರೆಯುವವರು ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಆಟವೂ ಒಂಥರಾ ವಿಚಿತ್ರದ್ದೇ. ಆಗಿನ ಆಟಗಳೆಂದರೆ ಹಾರು, ಹೊಡಿ, ಸುಡು. ಇದರಲ್ಲಿ ಮಾವ ಮಂಚದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಾನೆ, ಅಷ್ಟೇ. ಆಡುವವರು ಅಳಿಯನಾಗಿ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಮಾವನ ಕನ್ನಡಕ, ಚಪ್ಪಲಿ, ಗಡಿಯಾರ, ಕೊನೆಗೆ ತಲೆಯಡಿಯ ದಿಂಬನ್ನೂ ಎಗರಿಸಬೇಕು. ಗೊರಕೆ ಕೇಳುತ್ತಿರುವಷ್ಟು ಹೊತ್ತು ಓಡಾಡಬಹುದು. ಗೊರಕೆ ನಿಂತಿತೋ, ಅಳಿಯ ಇದ್ದಲ್ಲೇ ಕಲ್ಲಾಗಬೇಕು. ಆ ನಿಶ್ಶಬ್ದದಲ್ಲಿ ಒಂದು ಲೋಟ ಉರುಳಿದರೂ ಮಾವ ಎದ್ದು ಕೂರುತ್ತಾನೆ. ಮಾವ ಎದ್ದನೆಂದರೆ ಆಟ ಮುಗಿಯಿತು. ಎರಡನೆಯ ಭಾಗದಲ್ಲಿ ಮಾವ ರೈಲಿನಲ್ಲಿ ಮಲಗಿದ, ಮೂರನೆಯದರಲ್ಲಿ ಆಫೀಸಿನ ಮೇಜಿನ ಮೇಲೆ. ನಾಲ್ಕನೆಯ ಭಾಗ ಬರಲಿಲ್ಲ, ಅದು ಯಾಕೆ ಬರಲಿಲ್ಲವೆಂದು ಯಾರೂ ಕೇಳಲೂ ಇಲ್ಲ.

ಈಗ ಕೇಳಿಕೊಂಡು ಬಂದವನು ಈ ಕಂಪನಿಯ ಯಜಮಾನ. ತಲೆಯ ಮೇಲೆ ಒಂದೆಳೆ ಇಲ್ಲ, ಎದೆತನಕ ಗಡ್ಡ. ಹಾಗಾಗಿ ಕೈಕೆಳಗಿನವರೇ ಅವನನ್ನು ಗಡ್ಡ ಎನ್ನುತ್ತಿದ್ದರು, ಅವನ ಎದುರಿಗೇ. ಚಿಕ್ಕವನಿದ್ದಾಗ ಪರೀಕ್ಷೆ ಬಿಟ್ಟು ‘ಗೊರಕೆ ಮಾವ’ ಆಡಿ ಬೆನ್ನಿಗೆ ಏಟು ತಿಂದವನಂತೆ. ಆಟದ ಹಕ್ಕು ಕೊಂಡುಕೊಂಡು, ಈಗಿನವರು ಫೋನಿನಲ್ಲೂ ಗೋಡೆಯಗಲದ ಟೀವಿಯಲ್ಲೂ ಆಡುವ ಹಾಗೆ ಅದನ್ನು ಹೊಸದಾಗಿ ಕಟ್ಟುತ್ತಿದ್ದ. ಚಿತ್ರಗಳು ಹಳೆಯದರ ಹಾಗೇ ಇವೆಯೇ ಎಂದು ನೋಡಿ ಹೇಳುವುದಕ್ಕೆ ಅತ್ತೆಯನ್ನು ಕರೆಸಿಕೊಂಡಿದ್ದ.

ಚಿತ್ರಗಳು ಚೆನ್ನಾಗಿಯೇ ಬಂದಿದ್ದವು, ಗೊರಕೆ ಮಾತ್ರ ಕೆಟ್ಟಿತ್ತು. ಯಾರೋ ನಟನನ್ನು ಕರೆಸಿ ಗೊರಕೆ ಹೊಡೆಸಿದ್ದರು. ಅತ್ತೆ ಅರ್ಧ ಕೇಳಿ ಕೈ ಅಲ್ಲಾಡಿಸಿದಳು.

“ಇದು ಎಚ್ಚರವಾಗಿರೋನ ಗೊರಕೆ ಕಣಪ್ಪ. ಮಲಗಿರೋನು ಇಷ್ಟು ನೀಟಾಗಿ ಹೊಡೀತಾನಾ?”

“ಹಳೇ ಗೇಮಿಂದ ತೆಗೆಯೋಣ ಅಂದ್ರೆ ಅದರಲ್ಲಿ ಸದ್ದು ಪೂರ್ತಿ ಹಾಳು, ಅತ್ತೆ. ಗರಗರ ಅನ್ನುತ್ತೆ ಅಷ್ಟೇ. ಮೂಲ ರೆಕಾರ್ಡಿಂಗ್ ಎಲ್ಲಾದ್ರೂ ಇದ್ದಿದ್ರೆ...” ಎಂದು ಗಡ್ಡ ರಾಗ ಎಳೆದ.

ಇತ್ತು. ಅತ್ತೆಯ ಬಟ್ಟೆ ಕಪಾಟಿನಲ್ಲಿ, ಚಳಿಗಾಲದ ಶಾಲಿನೊಳಗೆ ಸುತ್ತಿಟ್ಟ ಒಂದು ಕ್ಯಾಸೆಟ್. ಗಂಡ ಹೋಗಿ ಹತ್ತು ವರ್ಷವಾಗಿತ್ತು. ಅವನ ದನಿ ಎಂದು ಅವಳ ಬಳಿ ಉಳಿದಿದ್ದುದು ಅದೊಂದೇ, ಅದರಲ್ಲೂ ಒಂದು ಮಾತಿಲ್ಲ, ಬರೀ ಗೊರಕೆ. ಹಾಕಿ ಕೇಳೋಣವೆಂದರೆ ಟೇಪ್ ರೆಕಾರ್ಡರ್ ಎಂದೋ ಗುಜರಿ ಸೇರಿತ್ತು. ಅವನನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ಅವಳಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಗಡ್ಡ ಬಾಯಿ ಮುಚ್ಚುವುದರೊಳಗೆ “ನಾಳೆ ತರ್ತೀನಿ” ಎಂದುಬಿಟ್ಟಳು. ಒಂದೇ ಒಂದು ಷರತ್ತು ಹಾಕಿದಳು: ಗೊರಕೆ ಆಟಕ್ಕೆ ಕೂತ ಮೇಲೆ ತಾನು ಕೇಳಬೇಕು, ತಾನು ಹೂಂ ಎಂದರೆ ಮಾತ್ರ ಇರಬೇಕು, ಬೇಡವೆಂದರೆ ತೆಗೆಯಬೇಕು. ಗಡ್ಡ ತಲೆಯಾಡಿಸಿದ.

“ಇದ್ದಾಗ ನಾನು ಕಿವಿಗೆ ಹತ್ತಿ ತುರುಕ್ಕೊಂಡು ಮಲಗ್ತಿದ್ದೆ. ಈಗ ಆ ಭಾವನ ಗೊರಕೆಗೆ ಜನ ಕ್ಯೂ ನಿಲ್ತಾರಂತೆ. ಒಳ್ಳೇ ಕಾಲ ಬಂತು,” ಎಂದಳು ಪಕ್ಕದ ಮನೆಯಲ್ಲೇ ಇರುವ ತಂಗಿ. ಅವಳ ಬಾಯಿ ಖಾರವಾದರೂ, ಅಂದು ಶಾಲು ಬಿಚ್ಚಿ ಕ್ಯಾಸೆಟ್ಟಿನ ಧೂಳು ಒರೆಸಿ ಕೊಟ್ಟವಳು ಅವಳೇ.

ಆ ಕ್ಯಾಸೆಟ್ಟಿನ ಕತೆ ಇಷ್ಟು. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡುತ್ತಿದ್ದರು. ಅವನದು ಪ್ರೋಗ್ರಾಮು, ಅವಳದು ಚಿತ್ರ. ಗ್ರಾಫ್ ಹಾಳೆಯ ಮೇಲೆ ಒಂದು ಚೌಕಕ್ಕೆ ಒಂದು ಚುಕ್ಕಿಯಂತೆ ತುಂಬಿ ಅವಳು ಕೊಡಬೇಕು, ಅವನು ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಆ ಯಂತ್ರದ ಹೊಟ್ಟೆ ಸಣ್ಣದು, ಜಾಸ್ತಿ ತುರುಕುವ ಹಾಗಿಲ್ಲ. ಹಾಗಾಗಿ ಕಿಟಕಿಯಾಚೆಯ ಮೋಡ, ಮಾವನ ಹೊಟ್ಟೆ, ಎರಡಕ್ಕೂ ಒಂದೇ ಚಿತ್ರ, ಬಣ್ಣವಷ್ಟೇ ಬೇರೆ. ಈ ಕಂಜೂಸುತನವೇ ಅವರ ಕಸುಬುದಾರಿಕೆ.

ಗಂಡನಿಗೆ ಒಂದು ಚಟವಿತ್ತು, ಅಥವಾ ಎಲ್ಲರೂ ಅದನ್ನು ಚಟವೆಂದುಕೊಂಡಿದ್ದರು: ನಿದ್ದೆ. ಕೂತಲ್ಲಿ ತೂಕಡಿಸುತ್ತಿದ್ದ, ಮಾತಿನ ನಡುವೆ ಕಣ್ಣು ಮುಚ್ಚುತ್ತಿದ್ದ, ತುತ್ತು ಬಾಯಿಗೆ ಹೋಗುವ ಮುಂಚೆ ತಲೆ ವಾಲುತ್ತಿತ್ತು. ಮಧ್ಯಾಹ್ನವಾದರೆ ಮೂಲೆಯ ಹಗ್ಗದ ಮಂಚ ಅವನನ್ನು ಕರೆಯುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಅವನು ಎದ್ದ ಮೇಲೆ ಕೇಳಿಸಿ ಗೇಲಿ ಮಾಡೋಣವೆಂದು ಅವಳು ಟೇಪ್ ರೆಕಾರ್ಡರನ್ನು ಅವನ ಮೂಗಿನ ಹತ್ತಿರ ಹಿಡಿದಳು. ಗೊರಕೆ ಏರಿತು, ಇಳಿಯಿತು, ಇದ್ದಕ್ಕಿದ್ದಂತೆ ನಿಂತಿತು. ಎಚ್ಚರವಾಯಿತೇನೋ ಎಂದು ಅವಳು ಕಿಸಕ್ಕನೆ ಬಂದ ನಗುವಿಗೆ ಕೈ ಅಡ್ಡ ಹಿಡಿದು ಅಲ್ಲಾಡದೆ ನಿಂತಳು. ಆಮೇಲೆ ‘ಘರ್ರ್’ ಎಂದು ದೊಡ್ಡ ಸದ್ದಾಗಿ ಗೊರಕೆ ಮತ್ತೆ ಹತ್ತಿಕೊಂಡಿತು. ಅವಳಿಗೆ ನಗು ತಡೆಯಲಾಗಲಿಲ್ಲ.

“ರೀ, ಆಟ ಸಿಕ್ತು!” ಎಂದು ಅವನು ಎದ್ದ ಮೇಲೆ ಕುಣಿದಾಡಿದಳು.

ಅವನು ಕಣ್ಣುಜ್ಜಿಕೊಂಡು ಕೇಳಿಸಿಕೊಂಡ, ಹೊಟ್ಟೆ ಹುಣ್ಣಾಗುವಂತೆ ನಕ್ಕ. “ಸದ್ದಿಗೆ ಜಾಗ ಬೇಕು ಕಣೇ. ಸದ್ದು ಇಲ್ಲದೆ ಇರೋದಕ್ಕೆ ಬೇಡ. ಪುಕ್ಕಟೆ ಸಿಗೋದೇ ನಮ್ಮ ಆಟದ ಜೀವ ಆಯ್ತು ನೋಡು,” ಎಂದ.

ಮೂರು ಭಾಗ ಬಂದವು, ಜನ ಮುಗಿಬಿದ್ದು ಆಡಿದರು. ಆಮೇಲೆ ಯಂತ್ರಗಳು ಬದಲಾದವು, ಆಟಗಳು ಬದಲಾದವು, ಮಾವ ಯಾರಿಗೂ ಬೇಡವಾದ. ಅವಳು ಒಂದು ಮುದ್ರಣಾಲಯ ಸೇರಿ ಕೆಮ್ಮಿನ ಔಷಧದ ಸೀಸೆಗಳಿಗೆ ಲೇಬಲ್ ಬರೆದಳು. ಅವನು ಅಂಗಡಿಗಳ ಬಿಲ್ಲಿಂಗ್ ಯಂತ್ರ ರಿಪೇರಿ ಮಾಡುವ ಕೆಲಸಕ್ಕೆ ಸೇರಿ, ಕೌಂಟರಿನ ಕೆಳಗೆ ಮಲಗಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ. ಇನ್ನೊಂದು ಕಡೆ ಸೇರಿದ, ಅಲ್ಲೂ ಅದೇ ಹಾಡು. ಸಂಜೆ ಅವಳು ಕೈತುಂಬ ಮಸಿಯಾಗಿ ಬಂದರೆ ಅವನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

“ಮೈಗಳ್ಳ! ಆಟದಲ್ಲೂ ನಿದ್ದೆ, ಮನೇಲೂ ನಿದ್ದೆ. ಅದೊಂದು ಬಿಟ್ಟು ಇನ್ನೇನು ಬರುತ್ತೆ ನಿಮಗೆ?”

ಅವನು ಜಗಳಕ್ಕೆ ಬರುವ ಜಾತಿಯವನಲ್ಲ. ಒಮ್ಮೆ ಮಾತ್ರ, “ಎಷ್ಟು ಮಲಗಿದ್ರೂ ಮಲಗಿದ ಹಾಗೇ ಆಗಲ್ಲ ಕಣೇ,” ಎಂದ. “ಹಾಗಾದ್ರೆ ಇನ್ನೂ ಮಲಗಿ,” ಎಂದು ಅವಳು ಪಾತ್ರೆ ಕುಕ್ಕಿದಳು.

ಅವನು ತೀರಿಹೋದದ್ದೂ ಒಂದು ರಜೆಯ ಮಧ್ಯಾಹ್ನವೇ. ಅವಳು ಹೊರಗೆ ಮೇಜಿನ ಮೇಲೆ ಲೇಬಲ್ಲಿನ ಅಂಚಿಗೆ ಬಳ್ಳಿ ಬರೆಯುತ್ತಿದ್ದಳು, ಒಳಗಿನಿಂದ ಗೊರಕೆ ಕೇಳುತ್ತಿತ್ತು. ಅದು ನಿಂತಾಗ, ‘ಸದ್ಯ, ಮಗ್ಗುಲು ಬದಲಿಸಿದರು’ ಎಂದುಕೊಂಡು ಬಳ್ಳಿ ಮುಗಿಸಿದಳು. ಟೀ ತೆಗೆದುಕೊಂಡು ಒಳಗೆ ಹೋದಾಗ ಅವನ ಕೈ ತಣ್ಣಗಿತ್ತು. ಹೃದಯ ಎಂದರು ಡಾಕ್ಟರು. ಅವಳೂ ಹೃದಯವೆಂದೇ ನಂಬಿ ಹತ್ತು ವರ್ಷ ಬದುಕಿದಳು.

ಕ್ಯಾಸೆಟ್ ಕೊಟ್ಟ ಮೇಲೆ ಒಂದು ಬೆಳಿಗ್ಗೆ ಸೌಂಡ್ ನೋಡಿಕೊಳ್ಳುವ ಹೆಂಗಸು ಅತ್ತೆಯನ್ನು ತನ್ನ ಕೋಣೆಗೆ ಕರೆದಳು. ಗೋಡೆಗೆಲ್ಲ ಮೆತ್ತನೆಯ ಹೊದಿಕೆ ಹೊಡೆದ ಸಣ್ಣ ಕೋಣೆ. ಬಾಗಿಲು ಮುಚ್ಚಿದರೆ ನಮ್ಮ ನಾಡಿಮಿಡಿತವೇ ನಮಗೆ ಕೇಳಬೇಕು. ಆಕೆ ಹಳೆಯ ಟೇಪನ್ನು ಜತನದಿಂದ ಬಿಡಿಸಿ, ಕಸ ತೆಗೆದು, ಸದ್ದನ್ನು ತೊಳೆದಿಟ್ಟಂತೆ ಮಾಡಿದ್ದಳು. ಆದರೆ ಮುಖದಲ್ಲಿ ಕೆಲಸ ಮುಗಿಸಿದ ಸಂತೋಷವಿರಲಿಲ್ಲ.

“ಹಾಕಲಾ, ಅತ್ತೆ?”

“ಹಾಕಮ್ಮ. ಇದಕ್ಕೇ ಅಲ್ವಾ ಬಂದಿರೋದು.”

ಗೊರಕೆ ಕೋಣೆ ತುಂಬಿತು. ಅತ್ತೆಯ ಕಣ್ಣು ತುಂಬಿತು. ಅದೆಷ್ಟು ಹತ್ತಿರ! ಕೆಳಗಿನ ಅಂಗಡಿಯ ಗಡಿಯಾರಗಳು ಟಿಕ್‌ಟಿಕ್ ಎನ್ನುವುದೂ ಕೇಳುತ್ತಿತ್ತು, ಮಂಚದ ಹಗ್ಗ ಕಿರ್ರೆನ್ನುವುದೂ ಕೇಳುತ್ತಿತ್ತು. ಆಮೇಲೆ ಗೊರಕೆ ನಿಂತಿತು.

ಹಳೆಯ ಯಂತ್ರದಲ್ಲಿ ಅದು ಖಾಲಿ ಜಾಗವಾಗಿತ್ತು. ಇಲ್ಲಿ ಖಾಲಿಯಿರಲಿಲ್ಲ. ಗಂಟಲು ಕಟ್ಟಿಕೊಂಡ ಮನುಷ್ಯ ಗಾಳಿಗಾಗಿ ಎಳೆಯುವುದು ಕೇಳಿಸಿತು. ಎಳೆಯುತ್ತಾನೆ, ಸಿಗುವುದಿಲ್ಲ, ಇನ್ನೊಮ್ಮೆ ಎಳೆಯುತ್ತಾನೆ, ಸಿಗುವುದಿಲ್ಲ. ಹಗ್ಗದ ಮಂಚ ಅವನ ಎದೆಯ ಜೊತೆಗೇ ಅದುರುತ್ತದೆ. ಅಷ್ಟರಲ್ಲಿ, ಮೈಕಿಗೆ ತೀರಾ ಹತ್ತಿರ, ಬಾಯಿಗೆ ಕೈ ಅಡ್ಡ ಹಿಡಿದ ಎಳೆಯ ಹೆಂಗಸೊಬ್ಬಳ ಕಿಸಕ್ಕನೆ ನಗು. ಅದು ಅತ್ತೆಯದೇ ನಗು. ಕೊನೆಗೆ ಆ ‘ಘರ್ರ್’ — ಈಗ ಕೇಳಿದರೆ, ಮುಳುಗಿದವನು ನೀರಿನಿಂದ ತಲೆ ಎತ್ತಿದ ಸದ್ದು.

ಆಕೆ ಟೇಪು ನಿಲ್ಲಿಸಿದಳು. “ಅತ್ತೆ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇದಕ್ಕೆ ಮಾವ ಡಾಕ್ಟರ ಹತ್ರ ತೋರಿಸಿದ್ರಾ?”

“ಗೊರಕೆಗೆ ಯಾರಾದ್ರೂ ಡಾಕ್ಟರ ಹತ್ರ ಹೋಗ್ತಾರಾ?”

“ಇದು ಗೊರಕೆ ನಿಲ್ಲೋದಲ್ಲ. ಉಸಿರೇ ನಿಲ್ಲೋದು. ನಮ್ಮಪ್ಪಂಗೂ ಹೀಗೇ ಇತ್ತು. ರಾತ್ರಿಯಿಡೀ ಉಸಿರಿಗೆ ಒದ್ದಾಡ್ತಾರೆ, ಅವರಿಗೇ ಗೊತ್ತಾಗಲ್ಲ. ಬೆಳಗಾದ್ರೆ ಕೂತಲ್ಲೆಲ್ಲ ತೂಕಡಿಕೆ. ನಾವು ಸೋಮಾರಿ ಅಂತ ಅವರನ್ನ ಎಷ್ಟು ಬೈತಿದ್ವಿ ಗೊತ್ತಾ? ಆಮೇಲೆ ಒಬ್ಬ ಡಾಕ್ಟರು ಹೇಳಿದ್ರು, ಹೀಗೇ ಬಿಟ್ಟರೆ ಹೃದಯಕ್ಕೆ...” ಅಷ್ಟು ಹೇಳಿ ಆಕೆ ನಾಲಿಗೆ ಕಚ್ಚಿಕೊಂಡಳು.

“ನಿಮ್ಮಪ್ಪ ಈಗ?”

ಆಕೆ ತಲೆ ತಗ್ಗಿಸಿದಳು. ಉತ್ತರ ಒಳ್ಳೆಯದಾಗಿದ್ದದ್ದೇ ಆಕೆಯ ಕಷ್ಟ. “ಮೂಗಿಗೆ ಗಾಳಿ ಊದೋ ಮಷೀನ್ ಹಾಕ್ಕೊಂಡು ಮಲಗ್ತಾರೆ. ಚೆನ್ನಾಗಿದ್ದಾರೆ.”

ಅತ್ತೆ ಎದ್ದು ಬಂದಳು. ಬಸ್ಸಿನಲ್ಲಿ ತಾನು ಇಳಿಯುವ ಜಾಗ ದಾಟಿ ಹೋದದ್ದೂ ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ಅವಳ ಪಾಲಿಗೆ ಬರೀ ಗಾದೆಯಾಗಿ ಉಳಿಯಲಿಲ್ಲ. ರೋಗವನ್ನು ಅವಳು ಕೈಯಾರೆ ಟೇಪಿನಲ್ಲಿ ಹಿಡಿದಿದ್ದಳು, ಅದರಲ್ಲಿ ಹೆಚ್ಚು ನಗು ಬರುವ ತುಂಡನ್ನು ತಾನೇ ಆರಿಸಿ ಕೊಟ್ಟಿದ್ದಳು. ಮನೆಮನೆಯಲ್ಲೂ ಜನ ಅದನ್ನು ಕೇಳಿದ್ದರು. ಅವರಲ್ಲಿ ಒಬ್ಬಿಬ್ಬರು ಡಾಕ್ಟರುಗಳೂ ಇದ್ದಿರಬೇಕು. ಯಾರಿಗೂ ಹೊಳೆಯಲಿಲ್ಲ. ಎಲ್ಲರಿಗೂ ದಿಂಬು ಕದಿಯುವ ಆತುರ.

“ಅವರು ಮೈಗಳ್ಳ ಅಲ್ಲ ಕಣೇ,” ಎಂದಳು ತಂಗಿಯ ಮುಂದೆ. “ಒಂದು ದಿನಾನೂ ನಿದ್ದೆ ಮಾಡಿರಲಿಲ್ಲ ಅವರು. ಜೀವಮಾನ ಪೂರ್ತಿ ನಿದ್ದೆಗೆಟ್ಟೋರನ್ನ ನಾನು ನಿದ್ದೆಬುಡುಕ ಅಂತ ಊರಿಗೆಲ್ಲ ತೋರಿಸಿದೆ.”

ಖಾರದ ಬಾಯಿಯ ತಂಗಿ ಅಂದು ಅಕ್ಕನ ಪಕ್ಕ ಬಂದು ಕೂತಳು. “ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ, ಅಕ್ಕ,” ಎಂದಳು. ಆ ಗಾದೆಯನ್ನು ಕಟ್ಟಿದವರು ಯಾರೋ ಏನೋ, ಅವರ ಮನೆಯಲ್ಲಿ ಕಾರ್ಯ ಮಿಂಚಿರಲಿಲ್ಲವೆಂದು ಕಾಣುತ್ತದೆ.

ಮಾರನೆಯ ದಿನ ಅತ್ತೆ ಆಫೀಸಿಗೆ ಹೋಗಿ, ಕೂರದೆ, ನಿಂತೇ ಹೇಳಿದಳು: “ಗೊರಕೆ ಬೇಡ. ತೆಗೀರಿ. ಕ್ಯಾಸೆಟ್ ವಾಪಸ್ ಕೊಡಿ.”

ಗಡ್ಡನಿಗೆ ವಿಷಯ ಆಗಲೇ ತಿಳಿದಿತ್ತು. ಅವನು ಕ್ಯಾಸೆಟ್ಟನ್ನು ಡಬ್ಬಿಯಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟ. “ನಿಮ್ಮ ಮಾತು ಮೀರಲ್ಲ, ಅತ್ತೆ. ನಟನ ಗೊರಕೇನೇ ಹಾಕ್ತೀನಿ. ಆದ್ರೆ ಶನಿವಾರ ಆಡಿ ನೋಡೋಕೆ ಜನಾನ ಕರೆದಿದೀನಿ, ಅದರಲ್ಲಿ ಈಗ ಮಾವಂದೇ ಇದೆ. ಒಂದು ಸಲ ಬಂದು ನೋಡಿ. ನೋಡಿದ ಮೇಲೂ ಬೇಡ ಅಂದ್ರೆ ಅವತ್ತೇ ಅಳಿಸ್ತೀನಿ.”

ಬರುವುದಿಲ್ಲವೆಂದು ಹೇಳಿ ಹೋದವಳು ಶನಿವಾರ ಬಂದಳು. ಯಾಕೆ ಬಂದಳೆಂದರೆ, ಅಳಿಸುವ ಮುಂಚೆ ಇನ್ನೊಮ್ಮೆ ಅವನನ್ನು ಕೇಳುವ ಆಸೆಯೂ ಇತ್ತು, ಆ ಆಸೆಗೆ ನಾಚಿಕೆಯೂ ಇತ್ತು.

ದೊಡ್ಡ ಕೋಣೆಯಲ್ಲಿ ಗೋಡೆಯಗಲದ ಪರದೆ, ಸುತ್ತ ಕುರ್ಚಿಗಳು, ತುಂಬ ಜನ. ಪರದೆಯ ಮೇಲೆ ಮಾವ ಮಲಗಿದ್ದ, ಹೊಟ್ಟೆ ಏರಿ ಇಳಿಯುತ್ತಿತ್ತು. ಕೆಂಪು ಟೋಪಿಯ ಯುವತಿಯೊಬ್ಬಳು ಅಳಿಯನನ್ನು ಮೆಲ್ಲಗೆ ನಡೆಸುತ್ತಿದ್ದಳು. ಗೊರಕೆ ನಿಂತಿತು. ಕೋಣೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಎಲ್ಲರ ಕಿವಿಯೂ ಆ ಎಳೆತದ ಮೇಲೆ, ಎಲ್ಲರ ಮುಖದಲ್ಲೂ ತುಟಿಯಂಚಿನ ನಗು. ‘ಘರ್ರ್’ ಎಂದಾಗ ಕೋಣೆಯೇ ಹೋ ಎಂದು ನಕ್ಕಿತು. ಇಷ್ಟು ಜನ ಇದ್ದೂ ಯಾರೂ ಅವನ ಭುಜ ಅಲ್ಲಾಡಿಸುತ್ತಿಲ್ಲವಲ್ಲ!

ಅವಳು ನೇರ ಮುಂದೆ ಹೋದಳು. “ಸ್ವಲ್ಪ ನನಗೆ ಕೊಡಮ್ಮ,” ಎಂದು ಆ ಯುವತಿಯ ಕೈಯಿಂದ ಆಟದ ಕಂಟ್ರೋಲರ್ ತೆಗೆದುಕೊಂಡು ಕುರ್ಚಿಯ ತುದಿಗೆ ಕೂತಳು. ಬೆರಳುಗಳು ಗುಂಡಿಗಳನ್ನು ಹುಡುಕಿಕೊಂಡವು. ಗೊರಕೆ ನಡೆಯುವಷ್ಟು ಹೊತ್ತೂ ಅವಳು ಅಳಿಯನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಕನ್ನಡಕ ಅಲ್ಲೇ ಇತ್ತು, ಮುಟ್ಟಲಿಲ್ಲ. ಗೊರಕೆ ನಿಂತಿತು. ಅತ್ತೆ ಅಳಿಯನನ್ನು ದಡದಡ ಓಡಿಸಿಕೊಂಡು ಹೋಗಿ ಸ್ಟೂಲಿನ ಮೇಲಿದ್ದ ಲೋಟಕ್ಕೆ ಒದೆಸಿದಳು.

ಮಾವ ಎದ್ದು ಕೂತ. ಕಣ್ಣುಜ್ಜಿಕೊಂಡು, ಆಕಳಿಸಿ, ಸುತ್ತಲೂ ನೋಡಿದ. ಆಟ ಮುಗಿಯಿತು.

ಜನ ನಕ್ಕರು. “ಆಂಟಿ, ಸದ್ದು ನಿಂತಾಗ ಅಲ್ಲಾಡಬಾರದು,” ಎಂದಳು ಕೆಂಪು ಟೋಪಿಯವಳು, ಬಲು ಮೃದುವಾಗಿ. “ಅವನು ಎದ್ಬಿಡ್ತಾನೆ.”

“ಏಳಲಿ,” ಎಂದಳು ಅತ್ತೆ.

ಮತ್ತೆ ಶುರು ಮಾಡಿದಳು. ಗೊರಕೆ ನಿಂತಿತು, ಲೋಟ ಬಿತ್ತು, ಮಾವ ಎದ್ದ. ಮತ್ತೆ ಶುರು ಮಾಡಿದಳು, ಮತ್ತೆ ಎಬ್ಬಿಸಿದಳು. ನಗು ಒಬ್ಬೊಬ್ಬರಲ್ಲೇ ಆರಿಹೋಯಿತು. ಸೌಂಡಿನವಳು ಗೋಡೆಯ ಕಡೆ ತಿರುಗಿ ನಿಂತಳು. ಗಡ್ಡ ಬಂದು ಕುರ್ಚಿಯ ಪಕ್ಕ ಮಂಡಿಯೂರಿದ.

“ಸಾಕು ಬಿಡಿ, ಅತ್ತೆ. ಅಳಿಸ್ತೀನಿ. ಇವತ್ತೇ ಅಳಿಸ್ತೀನಿ.”

ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. “ತುಂಬ ಜನ ಆಡ್ತಾರಾ?”

“ಆಡ್ತಾರೆ. ಲಕ್ಷಾಂತರ ಜನ ಕಾಯ್ತಿದ್ದಾರೆ.”

“ಮೊದಮೊದಲು ಎಲ್ಲರೂ ಸೋಲ್ತಾರಲ್ವಾ?”

“ಸೋಲದೆ ಯಾರು ಕಲೀತಾರೆ? ಎಷ್ಟೋ ಜನ ಸೋಲ್ತಾನೇ ಇರ್ತಾರೆ.”

“ಅಷ್ಟು ಸಲ ಅವರನ್ನ ಎಬ್ಬಿಸ್ತಾರೆ.”

ಗಡ್ಡ ಹೌದೆಂದು ತಲೆಯಾಡಿಸಿದ.

“ಹಾಗಾದ್ರೆ ಇರಲಿ,” ಎಂದಳು ಅತ್ತೆ. “ಎಬ್ಬಿಸಲಿ. ನಾನು ಒಂದು ಸಲಾನೂ ಎಬ್ಬಿಸಲಿಲ್ಲ.”

ಪರದೆಯ ಮೇಲೆ ಗೊರಕೆ ನಿಂತಿತು. ಅತ್ತೆ ಲೋಟದ ಕಡೆಗೆ ಓಡಿದಳು.